ಭಾನ್‌ಗಢಕ್ಕೋ, ಕುಲ್‌ಧರಾಕ್ಕೋ?

ರಾಜಸ್ಥಾನದಲ್ಲಿ ಒಂದೇ 'ದೆವ್ವದ ಊರು' ನೋಡಲು ಸಮಯವಿದ್ದರೆ ಯಾವುದು ಅಂತ ಕೇಳಿದ್ದೀರಿ.

ಕಥೆ ಕೇಳಿ ಮೈ ಜುಮ್ಮೆನ್ನಬೇಕಾದರೆ ಭಾನ್‌ಗಢ. ಅಲ್ಲಿನ ರಾಜಕುಮಾರಿ ರತ್ನಾವತಿಯನ್ನು ಒಲಿಸಿಕೊಳ್ಳಲು ಒಬ್ಬ ಮಾಂತ್ರಿಕ ಮಾಟದ ಎಣ್ಣೆ ಕಳಿಸಿದ. ಅವಳು ಅದನ್ನು ಬಂಡೆಗೆ ಸುರಿದಳು. ಬಂಡೆ ಉರುಳಿ ಅವನನ್ನೇ ಕೊಂದಿತು. ಸಾಯುತ್ತಾ ಊರೇ ಹಾಳಾಗಲಿ ಎಂದು ಶಾಪ ಹಾಕಿದನಂತೆ. ಸಂಜೆ ಮೇಲೆ ಪ್ರವೇಶವಿಲ್ಲ ಎಂಬ ಪುರಾತತ್ವ ಇಲಾಖೆಯ ಬೋರ್ಡು ಬೇರೆ! (ಅದರಲ್ಲಿ ದೆವ್ವದ ಮಾತೇ ಇಲ್ಲ.)

ಕುಲ್‌ಧರಾದಲ್ಲಿ ಭಯಕ್ಕಿಂತ ನೋವು ಜಾಸ್ತಿ. ಜೈಸಲ್ಮೇರ್‌ನ ದಿವಾನ ಸಾಲಿಂ ಸಿಂಗ್‌ನ ಕಾಟಕ್ಕೆ ಅಲ್ಲಿದ್ದ ಪಾಲಿವಾಲ ಬ್ರಾಹ್ಮಣರು ಒಂದೇ ರಾತ್ರಿ ಊರು ಬಿಟ್ಟರಂತೆ. ನೀರು ಬತ್ತಿದ್ದೇ ಕಾರಣ ಎನ್ನುವವರೂ ಇದ್ದಾರೆ; ನನಗೆ ಅದೇ ಸರಿ ಅನಿಸುತ್ತದೆ.

ಜೈಸಲ್ಮೇರ್‌ಗೆ ಹೇಗೂ ಹೋಗುತ್ತಿದ್ದರೆ ಕುಲ್‌ಧರಾ ಸುಮಾರು 18 ಕಿ.ಮೀ. ಅಷ್ಟೇ. ಜೈಪುರದಲ್ಲಿ ಇಳಿಯುವವರಿಗೆ ಭಾನ್‌ಗಢ ಹತ್ತಿರ, ಆದರೆ ಅಲ್ಲಿ ಕೋಟೆ ಹತ್ತುವುದಿದೆ. ಮಂಡಿನೋವಿನವರು ಜೊತೆಗಿದ್ದರೆ ಸಮತಟ್ಟಾದ ಕುಲ್‌ಧರಾನೇ ವಾಸಿ.