ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಮುದ್ದೆ ಮೆಸ್ಸು: ಊಟಕ್ಕೆ ನಾಲ್ಕು ಸ್ಟಾರು, ಪಕ್ಕದಲ್ಲಿ ಕೂರೋರಿಗೆ ಐದು

ಮೊದಲೇ ಹೇಳ್ಬಿಡ್ತೀನಿ, ಈ ಮೆಸ್ಸಿಗೆ ಬೋರ್ಡಿಲ್ಲ. ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಒಳರಸ್ತೆಲಿ ಶೀಟ್ ಹಾಕಿರೋ ಶೆಡ್ಡು, ಮುಂದೆ ಒಂದು ಹೊಂಗೆ ಮರ, ಮಧ್ಯಾಹ್ನ ಒಂದು ಗಂಟೆಗೆ ಅದರ ಕೆಳಗೆ ಇಪ್ಪತ್ತು ಮೂವತ್ತು ಬೈಕ್ ನಿಂತಿರುತ್ತೆ, ಅದೇ ಗುರುತು. ನಂದು ಪಕ್ಕದ ಕ್ರಾಸಲ್ಲಿ ಚಿಕ್ಕ ಮಷೀನ್ ಶಾಪು, ಎರಡು ಲೇತು, ಒಂದು ವಿಎಂಸಿ (ಕಂಪ್ಯೂಟರ್ ನಡ್ಸೋ ಮಿಲ್ಲಿಂಗ್ ಮಷೀನು), ಬೇರೆ ಕಂಪನಿಗಳಿಗೆ ಪಾರ್ಟ್ ಮಾಡ್ಕೊಡೋ ಜಾಬ್ ವರ್ಕ್ ಮಾಡ್ತೀನಿ. ಆರು ವರ್ಷದಿಂದ ಮಧ್ಯಾಹ್ನದ ಊಟ ಇಲ್ಲೇ. ರಿವ್ಯೂ ಬರೀಬೇಕು ಅಂತ ಅನ್ಸಿದ್ದು ಮಾತ್ರ ಮೊನ್ನೆ, ನನ್ನ ಕಸ್ಟಮರ್ ಲಿಸ್ಟ್ ನೋಡ್ತಾ ಕೂತಾಗ. ಅದರಲ್ಲಿ ಅರ್ಧಕ್ಕರ್ಧ ಜನ ಈ ಬೆಂಚಲ್ಲಿ ಸಿಕ್ಕೋರೇ.

ಇಲ್ಲಿ ನಾಲ್ಕು ಜನಕ್ಕೊಂದು ಟೇಬಲ್ ಅನ್ನೋದಿಲ್ಲ. ಉದ್ದಕ್ಕೆ ಎರಡು ಕಡಪ ಕಲ್ಲಿನ ಕಟ್ಟೆ, ಎದುರುಬದುರು ಬೆಂಚು, ಎಲ್ಲಿ ಖಾಲಿ ಇದ್ಯೋ ಅಲ್ಲಿ ಕೂರ್ಬೇಕು. ಮಾಲೀಕನ ಪಕ್ಕ ಹೆಲ್ಪರ್ ಕೂರ್ತಾನೆ, ಕ್ವಾಲಿಟಿ ಇನ್ಸ್‌ಪೆಕ್ಟರ್ ಎದುರಿಗೆ ಅವ್ರು ಬೆಳಿಗ್ಗೆ ರಿಜೆಕ್ಟ್ ಮಾಡಿದ ಪಾರ್ಟಿನ ಸಪ್ಲೈಯರ್ ಕೂತಿರ್ತಾನೆ, ಇಬ್ರೂ ಒಂದೇ ಬಟ್ಲಿಂದ ಉಪ್ಪಿನಕಾಯಿ ಹಾಕ್ಕೊತಾರೆ. ಮೆಸ್ ನಡ್ಸೋ ಅಕ್ಕ ಪಾಂಡವಪುರದ ಕಡೆಯವ್ರು, "ಅಲ್ಲಿ ಜಾಗ ಐತಲ್ಲ, ಒಸಿ ಸರಕಳಿ ಸಾ" ಅಂದ್ರೆ ಮುಗೀತು, ಎಂಥ ದೊಡ್ಡ ಸಾಹೇಬ್ರೂ ಸರ್ಕೊಳ್ಳಲೇಬೇಕು.

ಊಟದ ವಿಷಯಕ್ಕೆ ಬರೋಣ. 80 ರೂಪಾಯಿಗೆ ಒಂದು ಮುದ್ದೆ, ಸಾರು, ಪಲ್ಯ, ಅನ್ನ, ಮಜ್ಜಿಗೆ. ಸಾರು ದಿನಕ್ಕೊಂದು ಥರ, ಆದ್ರೆ ಬಸ್ಸಾರಿನ ದಿನ ತಪ್ಪಿಸ್ಕೋಬೇಡಿ. ಕಾಳು ಸೊಪ್ಪು ಬೇಯ್ಸಿ ಬಸಿದು, ಆ ಕಟ್ಟಿಗೆ ಖಾರ ರುಬ್ಬಿ ಹಾಕಿ ಕುದ್ಸಿ, ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ ಮಾಡ್ತಾರಲ್ಲ, ನಮ್ಮನೇಲೂ ಮಾಡ್ತಾರೆ, ಆದ್ರೆ ಈ ಅಕ್ಕನ ಕೈ ಖಾರ ಬೇರೆನೇ (ಇದನ್ನ ನನ್ ಹೆಂಡ್ತಿ ಓದಲ್ಲ ಅಂದ್ಕೊಂಡಿದೀನಿ). ಬುಧವಾರ ನಾಟಿಕೋಳಿ, ಅದಕ್ಕೆ ಬೇರೆ ರೇಟು. ಚಳಿಗಾಲದಲ್ಲಿ ಹಿದುಕಿದ ಅವರೇಕಾಳು ಸಾರು ಮಾಡಿದ ದಿನ ಒಂದೂಕಾಲಿಗೆಲ್ಲ ಪಾತ್ರೆ ಖಾಲಿ. ಅನ್ನ ಸುಮಾರು, ಕೆಲವು ಸಲ ಮುದ್ದೆಗಿಂತ ಅನ್ನಾನೇ ಮುದ್ದೆ ಆಗಿರುತ್ತೆ. ಒಂದು ಸ್ಟಾರ್ ಕಟ್ ಮಾಡಿದ್ದು ಅದಕ್ಕೇ.

ಈಗ ಅಸಲಿ ವಿಷಯ. ಶಾಪ್ ಶುರು ಮಾಡಿದ ಹೊಸದ್ರಲ್ಲಿ ಯಾರೋ ಹೇಳಿದ್ರು ಅಂತ ಒಂದು ಬಿಸಿನೆಸ್ ಗುಂಪಿಗೆ ದುಡ್ಡು ಕಟ್ಟಿ ಸೇರಿದ್ದೆ, ವಾರಕ್ಕೊಂದು ದಿನ ಬೆಳಿಗ್ಗೆ ಏಳಕ್ಕೆ ದೊಡ್ಡ ಹೋಟ್ಲಲ್ಲಿ ಟಿಫನ್ನು, ಒಬ್ಬೊಬ್ರೇ ಎದ್ದು ಒಂದ್ ನಿಮಿಷದಲ್ಲಿ ತಮ್ಮ ಬಗ್ಗೆ ಹೇಳ್ಬೇಕು, ಆಮೇಲೆ ಕಾರ್ಡ್ ಹಂಚ್ಕೋಬೇಕು. ಒಂದು ವರ್ಷ ಹೋದೆ. ಡ್ರಾಯರ್ ತುಂಬ ಕಾರ್ಡ್ ಆಯ್ತು, ಆರ್ಡರ್ ಬಂದಿದ್ದು ಒಂದು, ಅದೂ ಒಬ್ಬರ ಮನೆ ಗೇಟಿನ ಕೀಲು ಮಾಡಿಕೊಡಿ ಅಂತ. ಅವ್ರದ್ದು ತಪ್ಪು ಅಂತಲ್ಲ, ಪ್ಲೇಟಲ್ಲಿ ಇಡ್ಲಿ ಆರ್ತಿದ್ರೂ ಎಲ್ರ ಕಣ್ಣೂ ಮುಂದಿನ ಮಾತಿನ ಸರದಿ ಯಾರ್ದು ಅನ್ನೋದ್ರ ಮೇಲೆ, ನಂದೂ ಅಷ್ಟೇ.

ಮುದ್ದೆ ಊಟದಲ್ಲಿ ಆ ಕಾಟ ಇಲ್ಲ. ಬಲಗೈ ಪೂರ್ತಿ ಸಾರು, ಎಡಗೈಯಲ್ಲಿ ಮಜ್ಜಿಗೆ ಲೋಟ, ಕೈ ತೊಳೆಯೋವರೆಗೂ ಯಾರೂ ಫೋನ್ ಮುಟ್ಟಕ್ಕಾಗಲ್ಲ. ಕಾರ್ಡ್ ಕೊಡಕ್ಕೂ ಆಗಲ್ಲ, ಇಸ್ಕೊಳ್ಳಕ್ಕೂ ಆಗಲ್ಲ. ಹದಿನೈದು ಇಪ್ಪತ್ತು ನಿಮಿಷ ಎದುರಿಗಿರೋ ಮುಖ ನೋಡ್ಕೊಂಡು ಮಾತಾಡದು ಬಿಟ್ಟು ಬೇರೆ ದಾರಿ ಇಲ್ಲ. ಮಾತು ಅಂದ್ರೂ ಕೆಲಸದ್ದಲ್ಲ, ಕೆಆರ್‌ಎಸ್‌ನಲ್ಲಿ ನೀರೆಷ್ಟು, ಮಗನಿಗೆ ಡಿಪ್ಲೊಮಾ ಸೇರಿಸ್ಲಾ ಪಿಯುಸಿನಾ, ಮಾವನಿಗೆ ಶುಗರ್ರು, ಇಂಥವೇ.

ಒಂದ್ಸಲ ನನ್ದು ಇಎನ್24 ಅನ್ನೋ ಸ್ಟೀಲಿನ ಶಾಫ್ಟು, ಹಾರ್ಡನಿಂಗ್‌ಗೆ (ಕಾಯ್ಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡೋದಕ್ಕೆ) ಕಳ್ಸಿದ್ದು ಹನ್ನೆರಡರಲ್ಲಿ ಐದು ಬಿರುಕು ಬಿಟ್ಟು ವಾಪಸ್ ಬಂತು. ಮೆಟೀರಿಯಲ್ಲೇ ಸರಿ ಇಲ್ಲ ಅಂತ ಸ್ಟೀಲ್ ಅಂಗಡಿಯವನ ಜೊತೆ ಫೋನಲ್ಲಿ ಕೂಗಾಡಿ, ಆ ಸಿಟ್ಟಲ್ಲೇ ಊಟಕ್ಕೆ ಬಂದು ಕೂತಿದ್ದೆ. ಎದುರಿಗೊಬ್ರು ವಯಸ್ಸಾದವ್ರು, ಯಾರು ಅಂತ ಗೊತ್ತಿಲ್ಲ, "ಯಾಕ್ ಸಾರ್ ಮುದ್ದೆ ಮುಟ್ಟೇ ಇಲ್ಲ" ಅಂದ್ರು. ಹೇಳ್ದೆ. ಅವ್ರು ಸುಮ್ನೆ ಎಲೆ ತುದೀಲಿ ಜಾಗ ಮಾಡ್ಕೊಂಡು ಸಾರಲ್ಲಿ ಅದ್ದಿದ ಬೆರಳಲ್ಲಿ ಶಾಫ್ಟ್ ಬರೆದ್ರು, ಡಯಾ (ದಪ್ಪ) ಚಿಕ್ಕದಾಗೋ ಸ್ಟೆಪ್ಪು, ಅದರ ಮೂಲೆಗೆ ಒಂದು ಉಪ್ಪಿನ ಹರಳು ಇಟ್ರು. "ಬಿರುಕು ಇಲ್ಲೇ ತಾನೆ?" ಹೌದು ಅಂದೆ. "ಮೂಲೆ ಚೂಪಾಗಿ ಬಿಟ್ಟಿದೀರ. ಬಿಸಿ ಪೀಸು ಎಣ್ಣೆಗೆ ಬಿದ್ದಾಗ ಎಳೆತ ಎಲ್ಲ ಅಲ್ಲೇ ಸೇರ್ಕೊಳತ್ತೆ. ರೇಡಿಯಸ್ ಕೊಟ್ಟು ಮೂಲೆ ದುಂಡಗೆ ಮಾಡಿ, ಒಂದೂವರೆ ಎಂಎಂ ಆದ್ರೂ ಪರ್ವಾಗಿಲ್ಲ." ಅಷ್ಟು ಹೇಳಿ ಆ ಹರಳನ್ನೇ ಅನ್ನಕ್ಕೆ ಕಲಸ್ಕೊಂಡು ತಿಂದ್ರು. ಆಮೇಲೆ ಗೊತ್ತಾಯ್ತು ಅವ್ರದ್ದೇ ಹೀಟ್ ಟ್ರೀಟ್‌ಮೆಂಟ್ ಯೂನಿಟ್ ಇದೆ, ಮೂರನೇ ಕ್ರಾಸಲ್ಲಿ. ಈಗ ನನ್ನ ಕೆಲಸ ಎಲ್ಲ ಅಲ್ಲಿಗೇ ಹೋಗೋದು, ಅವ್ರಿಗೆ ಪೀಸ್ ಹಿಡ್ಕೊಳ್ಳೋಕೆ ಬೇಕಾದ ಫಿಕ್ಸ್ಚರ್ ಎಲ್ಲ ನಮ್ಮಲ್ಲೇ ಆಗೋದು. ರೇಟ್ ಬಗ್ಗೆ ಇವತ್ತಿನವರೆಗೂ ಒಂದ್ ಸಲನೂ ಕೂತು ಮಾತಾಡಿಲ್ಲ, ಸ್ಟೀಲ್ ಅಂಗಡಿಯವನಿಗೆ ಮಾತ್ರ ನಾನೇ ಫೋನ್ ಮಾಡಿ ಸಾರಿ ಕೇಳ್ಬೇಕಾಯ್ತು.

ಇನ್ನೊಬ್ರು ಅಕೌಂಟ್ಸ್ ಸಾರ್. ಯಾವುದೋ ಕಂಪನಿಲಿ ಅಕೌಂಟ್ಸ್ ನೋಡ್ಕೊಂಡು ರಿಟೈರ್ ಆಗಿ ಈಗ ನಾಲ್ಕೈದು ಸಣ್ಣ ಶಾಪ್‌ಗಳ ಲೆಕ್ಕ ಬರೀತಾರೆ. ನನ್ನ ಒಂದು ಬಿಲ್ಲು ನಾಲ್ಕು ತಿಂಗಳಿಂದ ನಿಂತೋಗಿತ್ತು, ದೊಡ್ಡ ಕಂಪನಿ, ಹೆಸರು ಬೇಡ. ಮಜ್ಜಿಗೆ ಕುಡೀತಾ ಕೇಳಿದ್ರು, ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಮಾಡ್ಸೋ ನೋಂದಣಿ) ಇದ್ಯಾ, ಇದ್ರೆ ನಂಬರ್ ಬಿಲ್ ಮೇಲೆ ಪ್ರಿಂಟ್ ಆಗುತ್ತಾ ಅಂತ. ರಿಜಿಸ್ಟ್ರೇಷನ್ ಇತ್ತು, ಬಿಲ್ ಮೇಲೆ ಇರ್ಲಿಲ್ಲ. ಆಗ ಹೇಳಿದ್ರು ನೋಡಿ, 2006ರ ಕಾನೂನೇ ಇದೆ, ನಮ್ಮಂಥ ಸಣ್ಣ ಯೂನಿಟ್‌ಗೆ ಬರವಣಿಗೆ ಒಪ್ಪಂದ ಇದ್ರೂ 45 ದಿನಕ್ಕಿಂತ ಜಾಸ್ತಿ ಕಾಯ್ಸೋ ಹಾಗಿಲ್ಲ, ಒಪ್ಪಂದ ಇಲ್ದೇ ಇದ್ರೆ 15 ದಿನ, ಅದ್ರ ಮೇಲೆ 2023ರ ಬಜೆಟ್‌ನಲ್ಲಿ ಇನ್ನೊಂದು ಸೇರ್ಸಿದ್ರು, ಟೈಮ್ ಮೀರಿ ಮಾರ್ಚ್ ದಾಟಿದ್ರೂ ದುಡ್ಡು ಕೊಟ್ಟಿಲ್ಲ ಅಂದ್ರೆ ಆ ಕಂಪನಿಯವ್ರು ಆ ಖರ್ಚನ್ನ ಆ ವರ್ಷದ ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ತೋರ್ಸಕ್ಕಾಗಲ್ಲ, ಕೊಟ್ಟ ವರ್ಷಕ್ಕೇ ಹೋಗುತ್ತೆ. "ಬೇಡ್ಕೋಬೇಡಿ, ನಂಬರ್ ಹಾಕಿ ಒಂದು ಮೇಲ್ ಕಳ್ಸಿ ಸಾಕು." ಕಳ್ಸಿದೆ. ಫೆಬ್ರವರಿ ತಿಂಗಳು ಬೇರೆ, ಹನ್ನೊಂದನೇ ದಿನಕ್ಕೆ ದುಡ್ಡು ಬಂತು. ಅವ್ರಿಗೆ ಏನಾದ್ರೂ ಕೊಡೋಣ ಅಂತ ಹೋದ್ರೆ "ಬುಧವಾರದ ಕೋಳಿ ನಿಮ್ ಲೆಕ್ಕಕ್ಕೆ ಬರ್ಸಿ" ಅಂದ್ರು.

ಎಲ್ಲಾ ಸಲ ಹಿಂಗೇ ಆಗುತ್ತೆ ಅಂದ್ಕೋಬೇಡಿ. ಬೆಂಗಳೂರಿಂದ ಒಬ್ರು ಪರ್ಚೇಸ್ ಮ್ಯಾನೇಜರ್ ಬಂದಿದ್ರು, ಹೊಸ ಹೈವೇಲಿ ಒಂದೂವರೆ ಗಂಟೆಗೆ ಬಂದ್ಬಿಟ್ಟೆ ಅಂತ ಖುಷಿಯಾಗಿದ್ರು. ನಾನೂ ದೊಡ್ಡದಾಗಿ ಇಲ್ಲಿಗೇ ಕರ್ಕೊಂಡ್ ಬಂದೆ. ಮುದ್ದೆ ನುಂಗ್ಬೇಕು ಅಂತ ಹೇಳೋದು ಮರೆತೋಯ್ತು, ಅವ್ರು ಚೂಯಿಂಗ್ ಗಮ್ ಥರ ಅಗೀತಾ ಕೂತ್ರು, ಆಮೇಲೆ ಸ್ಪೂನ್ ಕೇಳಿದ್ರು. ಅಕ್ಕ ಒಳಗಿಂದ "ಸ್ಪೂನ್ ಆಕಿದ್ರೆ ಮುದ್ದೆಗೆ ಬೇಜಾರಾಯ್ತದೆ ಸಾ" ಅಂದ್ರು, ಇಡೀ ಬೆಂಚು ನಕ್ತು. ಅವ್ರು ನಗ್ಲಿಲ್ಲ. ಆರ್ಡರೂ ಬರ್ಲಿಲ್ಲ. ಹೊರಗಿನವ್ರನ್ನ ಕರೆಯೋ ಮುಂಚೆ ಏನ್ ತಿಂತೀರ ಅಂತ ಒಂದ್ ಮಾತು ಕೇಳೋದು ನನ್ನ ಕೆಲಸ ಆಗಿತ್ತು, ಕೇಳ್ಲಿಲ್ಲ. ಅಂಥೋರಿಗೆ ಈಗ ಬೆಳಿಗ್ಗೆನೇ ಬನ್ನಿ ಅಂತೀನಿ, ನಜರ್‌ಬಾದ್‌ಗೆ ಹೋಗಿ ಮೈಲಾರಿ ದೋಸೆ, ಮೇಲೆ ಬೆಣ್ಣೆ, ಯಾರಿಗೂ ಕಲ್ಸಿಕೊಡೋ ಅಗತ್ಯ ಇಲ್ಲ.

ಕೊರತೆ ಇದೆ. ಪಾರ್ಕಿಂಗ್ ಇಲ್ಲ, ಕಾರ್ ತಂದ್ರೆ ಪೇಚಾಟ. ಶೆಡ್ ಒಳಗೆ ನೆಟ್‌ವರ್ಕ್ ಬರಲ್ಲ, ಫೋನ್‌ಪೇ ಮಾಡಕ್ಕೆ ಮರದ ಕೆಳಗೆ ಹೋಗ್ಬೇಕು, ಏಪ್ರಿಲ್ ಮೇನಲ್ಲಿ ಶೀಟ್ ಕಾವಿಗೆ ಬೆವರು ಎಲೆಗೆ ಬೀಳುತ್ತೆ. ಕೈ ತೊಳೆಯೋ ನಲ್ಲಿ ಒಂದೇ, ಅಲ್ಲಿ ಯಾವಾಗ್ಲೂ ಕ್ಯೂ. ನಿಜ ಹೇಳ್ಬೇಕು ಅಂದ್ರೆ ಡೆಲಿವರಿ ಡೇಟು, ಅಡ್ವಾನ್ಸು ಎಲ್ಲ ಮಾತಾಗೋದು ಆ ಕ್ಯೂನಲ್ಲೇ, ಹಂಗಾಗಿ ಇನ್ನೊಂದು ನಲ್ಲಿ ಹಾಕ್ಸಿ ಅಂತ ನಾನಂತೂ ಹೇಳಲ್ಲ.

ಭಾನುವಾರ ರಜ. ಎರಡೂವರೆ ಮೇಲೆ ಹೋದ್ರೆ ಮುದ್ದೆ ಇರಲ್ಲ, ಅನ್ನ ತಿಳಿಸಾರು ಅಷ್ಟೇ. ಹೊಸಬ್ರು ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ, ಕಿಟಕಿ ಪಕ್ಕ ಫ್ಯಾನ್ ಕೆಳಗಿನ ಜಾಗ ಒಂದು ಬಿಟ್ಬಿಡಿ, ಅಕೌಂಟ್ಸ್ ಸಾರ್ ಒಂದೂಕಾಲಿಗೆ ಬರ್ತಾರೆ.