ದೋಣಿಯ ಸಂಸಾರಕ್ಕೆ ಸಿಹಿನೀರು: ಯಂತ್ರ, ಕ್ಯಾನು, ತಾಡಪತ್ರಿ

ನಾವಿಬ್ಬರೂ ವರ್ಷದ ಬಹುಪಾಲು ಹಾಯಿದೋಣಿಯಲ್ಲೇ ಸಂಸಾರ ಮಾಡುತ್ತೇವೆ ಅಂದರೆ ಬೆಂಗಳೂರಿನ ನೆಂಟರು ಬಿರುಗಾಳಿಯ ಬಗ್ಗೆ ಕೇಳುತ್ತಾರೆ, ಕಡಲ್ಗಳ್ಳರ ಬಗ್ಗೆ ಕೇಳುತ್ತಾರೆ. ಕುಷ್ಟಗಿಯಲ್ಲಿ ಮೊದಲ ಪ್ರಶ್ನೆಯೇ ಬೇರೆ: “ಕುಡಿಯಾಕ ನೀರಿಗೆ ಏನ್ ಮಾಡ್ತೀರಿ ಯಕ್ಕಾ?” ಬೋರಿನ ನೀರಿನ ಫ್ಲೋರೈಡಿಗೆ ಹಲ್ಲು ಕಂದು ಮಾಡಿಕೊಂಡ ತಾಲ್ಲೂಕು ನಮ್ಮದು. ಕೇಳಬೇಕಾದ್ದು ಯಾವುದು ಅಂತ ಇಲ್ಲಿಯವರಿಗೆ ಗೊತ್ತು.

ಮೂರು ದಾರಿಗಳನ್ನೂ ಮಾಡಿ ನೋಡಿದ್ದೇವೆ. ಸಮುದ್ರದ ನೀರನ್ನೇ ಸಿಹಿ ಮಾಡುವ ಯಂತ್ರ, ದಡದ ನಳದಿಂದ ಹೊತ್ತು ತರುವ ಕ್ಯಾನು, ಮಳೆ ಹಿಡಿಯಲು ಕಟ್ಟುವ ತಾಡಪತ್ರಿ. ನನ್ನ ಓಟು ತಾಡಪತ್ರಿಗೆ, ಅದರ ಬೆನ್ನಿಗೆ ಕ್ಯಾನು. ಯಂತ್ರವನ್ನು ಮಾರಿದ್ದಾಗಿದೆ. ನಮ್ಮ ಮನೆಯವರಿಗೆ ಇದು ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ, ಹಾಗಾಗಿ ಅವರ ವಾದವನ್ನೂ ಅಲ್ಲಲ್ಲಿ ಹಾಕುತ್ತೇನೆ.

ಲೆಕ್ಕಕ್ಕೆ ಬೇಕಾದಷ್ಟು ವಿವರ: 35 ಅಡಿಯ ಹಳೆಯ ದೋಣಿ, ಹೊಟ್ಟೆಯಲ್ಲಿ ಎರಡು ಟ್ಯಾಂಕು ಸೇರಿ 250 ಲೀಟರ್. ಜನವರಿಯ ಕೊಪ್ಪಳ ಗವಿಮಠದ ಜಾತ್ರೆಯಿಂದ ಯುಗಾದಿ ತನಕ ನಾವು ಊರಲ್ಲಿ. ಉಳಿದ ತಿಂಗಳು ಮಲೇಷ್ಯಾದ ಲಂಕಾವಿ ಸುತ್ತಲಿನ ದ್ವೀಪಗಳು, ನವೆಂಬರಿನಲ್ಲಿ ಗಾಳಿ ಈಶಾನ್ಯದಿಂದ ಬೀಸತೊಡಗಿದ ಮೇಲೆ ಥಾಯ್ಲೆಂಡಿನ ಫುಕೆಟ್ ಕಡೆ. ಪಾತ್ರೆಗಳನ್ನು ಮೊದಲು ಸಮುದ್ರದ ನೀರಿನಲ್ಲಿ ತೊಳೆದು ಆಮೇಲೆ ಸಿಹಿನೀರಲ್ಲಿ ಅದ್ದಿ ತೆಗೆಯುವುದು. ಸ್ನಾನ ಸಮುದ್ರದಲ್ಲಿ, ಮೇಲೆ ಬಂದು ಮೈಗೆ ಎರಡು ಚೊಂಬು ಸಿಹಿನೀರು. ಹೀಗೆ ನಡೆಸಿದರೆ ಇಬ್ಬರಿಗೂ ಸೇರಿ ದಿನಕ್ಕೆ 20 ಲೀಟರ್ ಸಾಕು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ನಳ ಬರುತ್ತಿದ್ದ ಓಣಿಯಲ್ಲಿ ಬೆಳೆದವಳಿಗೆ ಇದೇನು ಕಷ್ಟವೇ ಅಲ್ಲ.

ಯಂತ್ರ ಕೊಂಡದ್ದು ನಮ್ಮ ಮನೆಯವರ ಹಟಕ್ಕೆ. ಅವರು ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ದುಡಿದವರು. ಅಲ್ಲಿ ಎಂಜಿನ್ ತಣಿಸಿ ಬಂದ ಬಿಸಿನೀರಿನ ಕಾವನ್ನೇ ಬಳಸಿ, ಗಾಳಿ ಎಳೆದು ಒತ್ತಡ ಇಳಿಸಿದ ಪಾತ್ರೆಯಲ್ಲಿ ಸಮುದ್ರದ ನೀರನ್ನು ಆವಿ ಮಾಡಿ, ದಿನಕ್ಕೆ ಟನ್ನುಗಟ್ಟಲೆ ಸಿಹಿನೀರು ತೆಗೆಯುತ್ತಾರೆ. ನೀರಿಗಾಗಿ ದಡಕ್ಕೆ ಹೋಗುವುದು ಹಡಗಿನವನಿಗೆ ಅವಮಾನ ಅಂತ ಅವರ ಲೆಕ್ಕ. ನಮ್ಮಂಥ ದೋಣಿಗೆ ಆ ಏರ್ಪಾಡು ಕೂಡುವುದಿಲ್ಲ, ಸಿಗುವುದು ಆರ್‌ಓ. ನಮ್ಮ ಹಳ್ಳಿಗಳಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕೊಡುವ ಶುದ್ಧ ನೀರಿನ ಘಟಕ ಇದೆಯಲ್ಲ, ಅದರಲ್ಲಿರುವಂಥದೇ ಮೆಂಬ್ರೇನು, ಅಂದರೆ ಉಪ್ಪನ್ನು ತಡೆದು ನೀರನ್ನಷ್ಟೇ ಬಿಡುವ ತೆಳು ಪೊರೆ. ಇಲ್ಲಿ ಒತ್ತಡ ಬಹಳ ಹೆಚ್ಚು, ಅಷ್ಟೇ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಉಪ್ಪನ್ನು ಈಚೆಗೇ ಉಳಿಸಿ ನೀರನ್ನು ಮಾತ್ರ ಆಚೆ ಹಿಂಡಬೇಕಾದರೆ 55 ಬಾರ್ ಆಸುಪಾಸು ಒತ್ತಡ ಬೇಕು, ಅಂದರೆ ಕಾರಿನ ಟೈರಿನಲ್ಲಿರುವುದರ ಇಪ್ಪತ್ತೈದು ಪಟ್ಟು. ಸಣ್ಣ ಯಂತ್ರಗಳಲ್ಲಿ ಹತ್ತು ಲೀಟರ್ ಒಳಗೆಳೆದರೆ ಒಂದು ಲೀಟರ್ ಸಿಹಿಯಾಗಿ ಬರುತ್ತದೆ, ಉಳಿದ ಒಂಬತ್ತು ಇನ್ನಷ್ಟು ಉಪ್ಪಾಗಿ ಸಮುದ್ರಕ್ಕೆ ವಾಪಸ್.

ನಮ್ಮದು 12 ವೋಲ್ಟಿನದು, ಗಂಟೆಗೆ ಸುಮಾರು 6 ಲೀಟರ್, 4 ಆಂಪಿಯರ್. ಕರೆಂಟಿನ ಬಗ್ಗೆ ನನ್ನ ದೂರಿಲ್ಲ, ಸೋಲಾರ್ ಪ್ಯಾನೆಲ್ಲು ಅದನ್ನು ಸಲೀಸಾಗಿ ನಡೆಸುತ್ತಿತ್ತು. ನೀರೂ ರುಚಿಯಾಗಿತ್ತು. ದಿನಕ್ಕೆ ಮೂರು ಗಂಟೆಗೂ ಮೀರಿ ಟಕ್ ಟಕ್ ಅನ್ನುತ್ತಿತ್ತು, ಅದನ್ನೂ ತಡೆದುಕೊಳ್ಳಬಹುದು.

ಗೋಳೆಲ್ಲ ಅದು ನಿಂತಾಗ. ಮೆಂಬ್ರೇನಿನ ಒಳಗೆ ಸಮುದ್ರದ ನೀರು ನಾಲ್ಕೈದು ದಿನ ಹಾಗೇ ಕೂತರೆ ಅದರಲ್ಲಿರುವ ಕಣ್ಣಿಗೆ ಕಾಣದ ಜೀವಿಗಳೆಲ್ಲ ಸತ್ತು ಕೊಳೆತು ಲೋಳೆ ಕಟ್ಟುತ್ತವೆ. ಅದಕ್ಕೇ ಒಂದೋ ದಿನಾ ಓಡಿಸಬೇಕು, ಇಲ್ಲವೇ ವಾರಕ್ಕೊಮ್ಮೆಯಾದರೂ ಸಿಹಿನೀರು ಹಾಯಿಸಿ ತೊಳೆಯಬೇಕು. ತೊಳೆಯಲು ಯಾವ ಸಿಹಿನೀರು? ದಡದ ನಳದ್ದರಲ್ಲಿ ಕ್ಲೋರಿನ್ ಇರುತ್ತದೆ, ಕ್ಲೋರಿನ್ ಮೆಂಬ್ರೇನನ್ನೇ ತಿಂದು ಹಾಕುತ್ತದೆ. ಆದ್ದರಿಂದ ಆ ನೀರನ್ನು ಮೊದಲು ಇದ್ದಿಲಿನ ಫಿಲ್ಟರಿನಲ್ಲಿ ಸೋಸಬೇಕು. ನೀರು ಮಾಡಿಕೊಡಲೆಂದು ತಂದ ಯಂತ್ರಕ್ಕೆ ನಾವೇ ಕ್ಯಾನಿನಲ್ಲಿ ನೀರು ಹೊತ್ತು ತಂದು, ಸೋಸಿ ಕುಡಿಸುತ್ತಿದ್ದೆವು. ಹಾಲು ಬತ್ತಿದ ಎಮ್ಮೆಗೆ ಹೊತ್ತುಹೊತ್ತಿಗೆ ಮೇವು ಹಾಕಿದ ಹಾಗೆ.

ದಿನಾ ಓಡಿಸಬಹುದಿತ್ತಲ್ಲ ಅಂತ ಕೇಳುವವರು ನಾವು ಲಂಗರು ಹಾಕುವ ಜಾಗಗಳನ್ನು ನೋಡಬೇಕು. ಫೆರಿಗಳು, ಮೀನಿನ ದೋಣಿಗಳು ಓಡಾಡುವ ಬಂದರಿನಲ್ಲಿ ನೀರಿನ ಮೇಲೆ ಬಣ್ಣಬಣ್ಣದ ಡೀಸೆಲ್ ಪದರ ತೇಲುತ್ತದೆ. ಒಂದಿಷ್ಟು ಎಣ್ಣೆ ಒಳಗೆ ಹೋದರೂ ಮೆಂಬ್ರೇನಿನ ಕಥೆ ಮುಗಿಯಿತು. ಬಂದರು ಬಿಟ್ಟು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹೊಳೆಬಾಯಿಗೆ ಹೋದರೆ ಮಳೆಗಾಲದಲ್ಲಿ ನೀರು ಕೆಸರು. ಮೆಂಬ್ರೇನಿಗಿಂತ ಮೊದಲು ಕೆಸರು ಸೋಸುವ ಫಿಲ್ಟರು ಒಂದೇ ಹೊತ್ತಿಗೆ ಚಹಾ ಸೋಸುವ ಬಟ್ಟೆಯ ಬಣ್ಣಕ್ಕೆ ತಿರುಗುತ್ತಿತ್ತು. ಅಲ್ಲಿಗೆ ಉಳಿದದ್ದು ಒಂದೇ: ಲಂಗರು ಎತ್ತಿ, ಎಂಜಿನ್ ಹಾಕಿಕೊಂಡು ತಿಳಿನೀರು ಸಿಗುವ ತನಕ ಹೊರಗೆ ಹೋಗಿ, ಅಲ್ಲಿ ಅರ್ಧ ದಿನ ಓಲಾಡುತ್ತ ಇಪ್ಪತ್ತು ಮೂವತ್ತು ಲೀಟರ್ ಮಾಡಿಕೊಂಡು ಬರುವುದು. ಆ ಡೀಸೆಲ್ ದುಡ್ಡಿಗೆ ದಡದಲ್ಲಿ ನಮ್ಮ ಟ್ಯಾಂಕು ಹಲವು ಸಲ ತುಂಬುತ್ತದೆ.

ಇನ್ನು ಊರಿಗೆ ಬರುವ ಹೊತ್ತು. ತಿಂಗಳುಗಟ್ಟಲೆ ಬಿಡುವುದಾದರೆ ಸೋಡಿಯಂ ಮೆಟಾಬೈಸಲ್ಫೈಟ್ ಕದಡಿದ ನೀರು ತುಂಬಿಸಿಟ್ಟು ಬರಬೇಕು. ನಮ್ಮ ಮನೆಯವರು ಪುಸ್ತಕದಲ್ಲಿ ಹೇಳಿದ ಅಳತೆ ಗ್ರಾಮಿನಷ್ಟೂ ತಪ್ಪದಂತೆ ಮಾಡಿಯೇ ಬಾಗಿಲು ಹಾಕಿದ್ದರು. ಯುಗಾದಿ ಮುಗಿಸಿ ವಾಪಸ್ ಹೋಗಿ ಯಂತ್ರ ಚಾಲೂ ಮಾಡಿದರೆ ಮೊದಲು ಬಂದದ್ದು ಕೊಳೆತ ಮೊಟ್ಟೆಯ ವಾಸನೆ. ಒಂದು ತಾಸು ಹರಿಯಬಿಟ್ಟು ಸ್ಟೀಲ್ ಲೋಟದಲ್ಲಿ ಹಿಡಿದು, ಕುಷ್ಟಗಿಯ ಆರ್‌ಓ ರಿಪೇರಿ ಅಂಗಡಿಯಲ್ಲಿ ತೆಗೆದುಕೊಂಡ ಪೆನ್ನಿನಂಥ ಮೀಟರು ಅದ್ದಿದೆವು. 1,100 ತೋರಿಸಿತು. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಮಿನೊಳಗೆ ಇದ್ದರೆ ಒಳ್ಳೆಯದು ಅನ್ನುತ್ತದೆ ನಮ್ಮ ದೇಶದ ಮಾನದಂಡ. ಮರುದಿನವೂ, ಅದರ ಮರುದಿನವೂ ಅದು ಸಾವಿರದ ಕೆಳಗೆ ಇಳಿಯಲಿಲ್ಲ. ಕುಡಿದರೆ ನಮ್ಮೂರ ಸವಳು ಬಾವಿಯ ರುಚಿ. ಅದಕ್ಕಾಗಿ ಲಂಕಾವಿಗೆ ಹೋಗಬೇಕಿತ್ತೇ?

“ಮೆಂಬ್ರೇನ್ ಹೊಸಾದು ಹಾಕಿದ್ರ ಸರಿಹೋಗ್ತದ. ದಿನಾ ಓಡಿಸಿದ್ರ ಹಿಂಗ್ ಆಗಂಗಿಲ್ಲ” ಅಂದರು ಅವರು.

“ಹಂಗಾದ್ರ ಬರೋ ವರ್ಷ ಜಾತ್ರಿಗೆ ನೀವು ಬರಬ್ಯಾಡ್ರಿ. ಇದರ ಜೋಡಿ ಇಲ್ಲೇ ಇರ್ರಿ” ಅಂದೆ ನಾನು.

ಹೊಸ ಮೆಂಬ್ರೇನು ಬಂತು, ಸೀಲುಗಳ ಕಿಟ್ಟೂ ಬಂತು. ನೀರು ಸರಿಯಾಯಿತು, ವಾರದ ತೊಳೆಯುವ ಪೂಜೆ ಮತ್ತೆ ಮೊದಲಾಯಿತು. ಕೊನೆಗೆ ಹಿಂದೂ ಮಹಾಸಾಗರ ದಾಟಿ ಸೇಷೆಲ್ಸ್‌ಗೆ ಹೊರಟಿದ್ದ ಒಂದು ಜೋಡಿಗೆ ಕೊಟ್ಟುಬಿಟ್ಟೆವು. ಅವರಿಗೆ ಅದು ಸರಿಯಾದ ವಸ್ತು: ವಾರಗಟ್ಟಲೆ ತಿಳಿ ನೀಲಿ ನೀರು, ದಿನಾ ಓಡಿಸುವ ಅಗತ್ಯ, ದಡ ಅನ್ನುವುದೇ ಇಲ್ಲ. ಇಂಥದು ಹೊಸದಕ್ಕೆ ಮೂರ್ನಾಲ್ಕು ಲಕ್ಷ ರೂಪಾಯಿ ಆಗುತ್ತದೆ. ನಮ್ಮದು ಸೆಕೆಂಡ್‌ಹ್ಯಾಂಡ್ ಆಗಿದ್ದರಿಂದ ಮಾರುವಾಗ ಹೊಟ್ಟೆ ಅಷ್ಟಾಗಿ ಉರಿಯಲಿಲ್ಲ.

ಕ್ಯಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಕ್ಸೆಲ್ ಗಾಡಿಯ ಮುಂದೆ ಎರಡು ಕ್ಯಾನು ಇಟ್ಟುಕೊಂಡು ಘಟಕದಿಂದ ನೀರು ತಂದವರಿಗೆ ಇದನ್ನು ಕಲಿಸಬೇಕಿಲ್ಲ. ಇಲ್ಲಿ ಗಾಡಿಯ ಬದಲು ರಬ್ಬರ್ ದೋಣಿ. 20 ಲೀಟರಿನವು ಬೇಡ, 10 ಲೀಟರಿನವೇ ಇರಲಿ: ಅಲೆಗೆ ಏರಿಳಿಯುವ ರಬ್ಬರ್ ದೋಣಿಯಲ್ಲಿ ನಿಂತು 20 ಕಿಲೋ ತಲೆಮಟ್ಟಕ್ಕೆ ಎತ್ತಿದರೆ ಸೊಂಟ ಉಳಿಯುವುದಿಲ್ಲ. ಇನ್ನೂ ಒಳ್ಳೆಯದು ಕ್ಯಾನನ್ನು ಎತ್ತದೆ ಕೈಪಂಪಿನಿಂದ ನೀರನ್ನಷ್ಟೇ ಮೇಲಕ್ಕೆ ಕಳಿಸುವುದು. ಅಮಾವಾಸ್ಯೆ ಹುಣ್ಣಿಮೆಯ ಹಿಂದುಮುಂದು ಇಲ್ಲಿ ಉಬ್ಬರ ಇಳಿತದ ಅಂತರ ಸುಮಾರು ಮೂರು ಮೀಟರ್. ಇಳಿತದಲ್ಲಿ ಸಿಕ್ಕಿದರೆ ಮೊಣಕಾಲುದ್ದ ಕೆಸರಿನಲ್ಲಿ ದೋಣಿ ಎಳೆಯಬೇಕು. ಪಂಚಾಂಗ ನೋಡಿಯೇ ನೀರಿಗೆ ಹೋಗುತ್ತೇನೆ.

ಈಗ ತಾಡಪತ್ರಿ. ಕೊಪ್ಪಳದಲ್ಲಿ ಶಾಮಿಯಾನ ಹೊಲಿಯುವವರೊಬ್ಬರ ಹತ್ತಿರ ಹೊಲಿಸಿದ್ದು, ಎರಡೂವರೆ ಸಾವಿರ ರೂಪಾಯಿ. ಭತ್ತದ ರಾಶಿಗೆ ಹೊದಿಸುವ ನೀಲಿ ಪ್ಲಾಸ್ಟಿಕ್ಕಿನದು ಬೇಡವೆಂದು ಮೊದಲೇ ತೀರ್ಮಾನಿಸಿದ್ದೆ. ಬಿಸಿಲಿಗೆ ಪುಡಿಯಾಗುತ್ತದೆ, ನೀರಿಗೂ ವಾಸನೆ ಬಿಡುತ್ತದೆ. ಎರಡು ಮೀಟರ್ ಅಗಲ, ಎರಡು ಮೀಟರ್ ಉದ್ದದ ದಪ್ಪ ಕ್ಯಾನ್ವಾಸು, ಅಂಚಿಗೆ ಹಗ್ಗ ಸೇರಿಸಿ ಮಡಿಚಿ ಹೊಲಿಗೆ, ಮೂಲೆಗಳಿಗೆ ಹಿತ್ತಾಳೆ ಕಣ್ಣು, ನಟ್ಟನಡುವೆ ಒಂದು ತೂತು. ಆ ತೂತಿಗೆ ಸಿಂಟೆಕ್ಸಿಗೆ ಹಾಕುವ ಟ್ಯಾಂಕ್ ನಿಪ್ಪಲ್, ಅದಕ್ಕೊಂದು ಪೈಪು. ಇಷ್ಟೇ. “ಯಾರ್ ಮದುವಿಗಿ ರೀ ಇಷ್ಟ್ ಸಣ್ಣ ಪೆಂಡಾಲು?” ಅಂತ ಅವರು ಕೇಳಿದ್ದರು.

ಲೆಕ್ಕ ಸುಲಭ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮದು ನಾಲ್ಕು ಚದರ ಮೀಟರ್, ಅಂದರೆ 10 ಮಿಲಿಮೀಟರ್ ಮಳೆಗೆ 40 ಲೀಟರ್, ಇಬ್ಬರಿಗೆ ಎರಡು ದಿನ. ಕೊಪ್ಪಳ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವುದು 600 ಮಿಲಿಮೀಟರ್ ಆಸುಪಾಸು. ಲಂಕಾವಿಯಲ್ಲಿ ಎರಡು ಸಾವಿರದ ಮೇಲೆ, ಅದರಲ್ಲಿ ಹೆಚ್ಚಿನದು ಏಪ್ರಿಲಿನಿಂದ ನವೆಂಬರಿನೊಳಗೆ, ನಾವು ದೋಣಿಯಲ್ಲಿ ಇರುವ ತಿಂಗಳುಗಳಲ್ಲೇ. ಅಲ್ಲಿ ಒಣ ಹವೆ ಇರುವ ಜನವರಿ, ಫೆಬ್ರುವರಿಯಲ್ಲಿ ನಾವು ಊರಲ್ಲಿ ಹುಗ್ಗಿ ಉಣ್ಣುತ್ತಿರುತ್ತೇವೆ. ಉಳಿದ ದೋಣಿಯವರು ಮಾಡುವುದಕ್ಕೆ ಇದು ತಿರುಗಾಮುರುಗಾ. ಅವರಿಗೆ ನನ್ನ ಲೆಕ್ಕ ಹೊಂದದು.

ಮೊದಲ ಐದು ನಿಮಿಷದ ಮಳೆಯನ್ನು ಟ್ಯಾಂಕಿಗೆ ಬಿಡಬಾರದು. ಬಟ್ಟೆಯ ಮೇಲೆ ಉಪ್ಪು ಕೂತಿರುತ್ತದೆ, ಅದು ತೊಳೆದು ಹೋಗಲಿ. ಬೆರಳಿಗೆ ಹತ್ತಿಸಿಕೊಂಡು ನಾಲಿಗೆಗಿಟ್ಟು ನೋಡಿ, ಉಪ್ಪು ತಪ್ಪಿದ ಮೇಲೆ ಪೈಪನ್ನು ಟ್ಯಾಂಕಿನ ಬಾಯಿಗೆ ಇಳಿಸುವುದು. ತಾಡಪತ್ರಿಯ ನಿಜವಾದ ಶತ್ರು ಗಾಳಿ. ಮಲಕ್ಕಾ ಜಲಸಂಧಿಯ ಕಡೆ ಈ ತಿಂಗಳುಗಳಲ್ಲಿ ರಾತ್ರಿ ಅಥವಾ ಬೆಳಗಿನ ಜಾವ ‘ಸುಮಾತ್ರಾ’ ಎನ್ನುವ ಬಿರುಸು ಬರುತ್ತದೆ, ಸುಮಾತ್ರಾ ದ್ವೀಪದ ಕಡೆಯಿಂದ ಗುಡುಗು, ಗಾಳಿ, ಮಳೆ ಒಟ್ಟಿಗೆ. ಆಗ ಕಟ್ಟಿದ್ದರೆ ಬಟ್ಟೆ ಹರಿಯುತ್ತದೆ, ಇಲ್ಲವೇ ಲಂಗರನ್ನೇ ಎಳೆಯುವ ಹಾಯಿಯಾಗುತ್ತದೆ. ಅಂಥ ಮಳೆಗೆ ಬೇರೆ ಉಪಾಯ: ದೋಣಿಯ ಮೇಲ್ಹಾಸು ಚೆನ್ನಾಗಿ ತೊಳೆದು ಹೋದ ಮೇಲೆ ನೀರು ಹೊರಹೋಗುವ ತೂತುಗಳಿಗೆ ಬಟ್ಟೆ ತುರುಕಿ, ಟ್ಯಾಂಕಿನ ಮುಚ್ಚಳ ತೆಗೆದುಬಿಡುವುದು. ಹಾಸಿನ ಮೇಲೆ ಬಿದ್ದದ್ದೆಲ್ಲ ತಾನೇ ಒಳಗೆ ಹರಿಯುತ್ತದೆ. ಆ ನೀರನ್ನು ಕುಡಿಯಲು ಬಳಸುವುದಿಲ್ಲ, ಒಗೆಯಲು ತೊಳೆಯಲು ಭರ್ತಿ ಸಾಕು.

ಅಡುಗೆಯ ವಿಷಯದಲ್ಲಂತೂ ಮಳೆನೀರಿಗೆ ಎದುರೇ ಇಲ್ಲ. ಕುಷ್ಟಗಿಯ ಬೋರಿನ ಗಡಸು ನೀರಿನಲ್ಲಿ ತೊಗರಿಬೇಳೆ ಎಷ್ಟು ಸೀಟಿ ಹೊಡೆಸಿದರೂ ಕಾಳುಕಾಳಾಗಿಯೇ ಉಳಿಯುತ್ತದೆ, ಚಿಟಿಕೆ ಸೋಡಾ ಹಾಕಬೇಕು. ನೀರಲ್ಲಿರುವ ಸುಣ್ಣದ ಅಂಶ ಬೇಳೆಯ ಜೀವಕೋಶಗಳ ಗೋಡೆಯನ್ನು ಬಿಗಿ ಹಿಡಿಯುವುದರಿಂದ ಹಾಗೆ. ಮಳೆನೀರಿನಲ್ಲಿ ಅದೇ ಬೇಳೆ ಬೆಣ್ಣೆಯಾಗುತ್ತದೆ, ಗ್ಯಾಸೂ ಉಳಿಯುತ್ತದೆ. ಯಂತ್ರದ ನೀರೂ ಮೃದುವೇ, ಒಪ್ಪುತ್ತೇನೆ.

ಮಳೆ ನೆಚ್ಚಿಕೊಂಡು ಸಮುದ್ರಕ್ಕೆ ಹೋಗುವುದು ಹುಚ್ಚು ಅನ್ನುತ್ತಾರೆ ನಮ್ಮ ಮನೆಯವರು. 1968-69ರಲ್ಲಿ ಎಲ್ಲೂ ನಿಲ್ಲದೆ ಒಬ್ಬರೇ 312 ದಿನದಲ್ಲಿ ಭೂಮಿ ಸುತ್ತಿದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರ ಟ್ಯಾಂಕಿನ ನೀರು ದಾರಿಯಲ್ಲೇ ಕೆಟ್ಟಿತು, ಆಮೇಲೆ ಅವರು ಮಳೆನೀರು ಹಿಡಿದುಕೊಂಡೇ ಮನೆ ಮುಟ್ಟಿದರು ಅಂತ ನಾನು ಉತ್ತರ ಕೊಡುತ್ತೇನೆ. “ಅವರಿಗೆ ಬ್ಯಾರೆ ದಾರಿ ಇರಲಿಲ್ಲ” ಅನ್ನುವುದು ಅವರ ಮರುಮಾತು. ಇದರಲ್ಲಿ ಅವರಿಗೇ ಒಂದು ಅಂಕ.

ನೀವು ವಾರಗಟ್ಟಲೆ ದಡ ಕಾಣದ ದಾರಿ ಹಿಡಿಯುವವರಾದರೆ, ದಿನಾ ಯಂತ್ರದ ಸೇವೆ ಮಾಡುವುದರಲ್ಲಿ ಖುಷಿ ಪಡುವವರು ಮನೆಯಲ್ಲೊಬ್ಬರಿದ್ದರೆ ಯಂತ್ರ ತೆಗೆದುಕೊಳ್ಳಿ. ನಮ್ಮ ಹಾಗೆ ದ್ವೀಪದಿಂದ ದ್ವೀಪಕ್ಕೆ ಹೋಗುವ, ಜಾತ್ರೆ ತಪ್ಪಿಸದ, ಸೊಂಟ ಇನ್ನೂ ಗಟ್ಟಿಯಿರುವ ಜೋಡಿಗೆ ತಾಡಪತ್ರಿ ಮತ್ತು ಆರು ಕ್ಯಾನು ಸಾಕು. ರಾಜಿಯೆಂದು ಕೈಯಿಂದ ಒತ್ತುವ ಪುಟ್ಟ ಆರ್‌ಓ ಪಂಪೊಂದು ಜೀವರಕ್ಷಕ ಚೀಲದಲ್ಲಿ ಉಳಿದಿದೆ. ಗಂಟೆಯಿಡೀ ಒತ್ತಿದರೂ ಒಂದು ಲೀಟರ್ ತುಂಬುವುದಿಲ್ಲ, ಅಪಾಯದ ಹೊತ್ತಿಗೆ ಮಾತ್ರ.

ಹೊಲಿಸುವವರಿಗೆ ಒಂದು ಮಾತು: ನಿಪ್ಪಲ್ ಒಂದು ಇಂಚಿನದೇ ಕೇಳಿ. ಅರ್ಧ ಇಂಚಿನದು ಹಾಕಿದರೆ ಜೋರು ಮಳೆಯಲ್ಲಿ ನೀರು ಇಳಿಯುವುದಕ್ಕಿಂತ ಬೇಗ ತುಂಬಿ, ನಡುವೆ ಹೊಟ್ಟೆ ಬಂದು, ಮೂಲೆಯ ಕಣ್ಣು ಕಿತ್ತು ಬರುತ್ತದೆ.