ಕೌಲ್ ಬಜಾರ್‌ನ ಗೇಟ್ ಅಂಗಡಿಯಲ್ಲಿ ಮಾಡಿಸಿದ ಸ್ಕೇಟ್‌ಬೋರ್ಡ್ ರೇಲ್: 8 ತಿಂಗಳ ಬಳಕೆಯ ನಂತರ

6 ಅಡಿ ಉದ್ದ. 2 ಇಂಚಿನ ಚೌಕ ಪೈಪು. ನೆಲದಿಂದ 7 ಇಂಚು ಎತ್ತರ, ಬೇಕಾದರೆ 10 ಇಂಚಿನವರೆಗೆ ಏರಿಸಬಹುದು. ತೂಕ ಸುಮಾರು 13 ಕೆಜಿ. ಹೋದ ಸೆಪ್ಟೆಂಬರ್‌ನಲ್ಲಿ ಬಳ್ಳಾರಿಯ ಕೌಲ್ ಬಜಾರ್‌ನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ. ಪೈಪು, ಕೂಲಿ ಎಲ್ಲ ಸೇರಿ ₹1,800 ಆಯಿತು. ಬೋರ್ಡ್‌ಸ್ಲೈಡ್, ಅಂದರೆ ಬೋರ್ಡ್ ಅಡ್ಡ ಮಾಡಿ ರೇಲ್ ಮೇಲೆ ಜಾರುವುದು, ಕಲಿಯಬೇಕು, ಆದರೆ ಊರಲ್ಲಿ ಸ್ಕೇಟ್‌ಪಾರ್ಕ್ ಇಲ್ಲ ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ವಿಷಯ. ಬೆಂಗಳೂರಿನಲ್ಲಿ 4 ವರ್ಷ ಕೆಲಸ ಮಾಡಿದೆ, ಸ್ಕೇಟ್‌ಬೋರ್ಡ್ ಹತ್ತಿದ್ದು ಅಲ್ಲೇ. ಅಮ್ಮನಿಗೆ ಹುಷಾರಿಲ್ಲದೆ ಬಳ್ಳಾರಿಗೆ ವಾಪಸ್ ಬಂದಾಗ ನನಗೆ ಆಲಿ ಬರುತ್ತಿತ್ತು. ಅಂದರೆ ಬೋರ್ಡಿನ ಹಿಂದಿನ ತುದಿ (ಟೇಲ್) ಒದ್ದು, ಬೋರ್ಡ್ ಸಮೇತ ಗಾಳಿಗೆ ಏಳುವುದು. ಅಷ್ಟೇ ಬರುತ್ತಿದ್ದದ್ದು. ಈಗ ಇಲ್ಲಿನ ಒಂದು ಜೀನ್ಸ್ ಯೂನಿಟ್‌ನಲ್ಲಿ ಕ್ವಾಲಿಟಿ ಚೆಕಿಂಗ್ ಮಾಡುತ್ತೇನೆ. ಭಾನುವಾರ ರಜೆ. ಮಾವನ ಮೆಣಸಿನಕಾಯಿ ಗೋದಾಮಿನ ಮುಂದೆ ದೊಡ್ಡ ಸಿಮೆಂಟ್ ಕಣ ಇದೆ. ಅಂಥ ನುಣುಪಾದ ನೆಲ ಬೆಂಗಳೂರಿನಲ್ಲೂ ಸುಲಭಕ್ಕೆ ಸಿಕ್ಕಿರಲಿಲ್ಲ. ಜಾಗ ಇತ್ತು, ಬೋರ್ಡ್ ಇತ್ತು. ಇಲ್ಲದೇ ಇದ್ದದ್ದು ಜಾರಲು ಒಂದು ಕಬ್ಬಿಣ.

ಅದನ್ನು ಮೊದಲು ಆನ್‌ಲೈನ್‌ನಲ್ಲಿ ತರಿಸಿದೆ. ಯಾರ ಮಾಲು ಅಂತ ಹೇಳುವುದಿಲ್ಲ, ಆದರೆ ಅದು ಯಾಕೆ ಕೆಲಸಕ್ಕೆ ಬರಲಿಲ್ಲ ಎಂದು ಹೇಳಲೇಬೇಕು. ಗುಂಡು ಪೈಪು. ಎರಡು ತುಂಡು ಮಾಡಿ ಕಳಿಸುತ್ತಾರೆ, ನಾವು ನಡುವೆ ಜೋಡಿಸಿಕೊಳ್ಳಬೇಕು. ಪೈಪು ತೆಳು, ಕಾಲುಗಳು ಇನ್ನೂ ತೆಳು. ಬೋರ್ಡ್ ಬಿದ್ದ ಕೂಡಲೇ ಇಡೀ ರೇಲ್ ಪಕ್ಕಕ್ಕೆ ಸರಿಯುತ್ತಿತ್ತು. ಎರಡನೇ ವಾರ ಡೆಕ್ (ಬೋರ್ಡಿನ ಮರದ ಹಲಗೆ) ಆ ಜೋಡಣೆಗೆ ಸಿಕ್ಕಿ ಗಕ್ಕನೆ ನಿಂತಿತು. ಬೋರ್ಡ್ ನಿಂತರೂ ನಾನು ನಿಲ್ಲಲಿಲ್ಲ. ಸೊಂಟದ ಮೇಲೆ ಬಿದ್ದೆ, 20 ದಿನ ಎಡಕ್ಕೆ ಮಗ್ಗುಲು ಹಾಕಿ ಮಲಗಲು ಆಗಲಿಲ್ಲ. ಆ ನೋವಿಗಿಂತ ಜಾಸ್ತಿ ಕಾಡಿದ್ದು ಅದು ಬಿಟ್ಟುಹೋದ ಭಯ. ಆಮೇಲೆ ರೇಲ್ ಕಡೆ ಹೋಗುವಾಗಲೆಲ್ಲ ಕಾಲು ತಾನಾಗೇ ನೆಲಕ್ಕೆ ಬಂದುಬಿಡುತ್ತಿತ್ತು.

ತೋರಣಗಲ್ಲಿನಲ್ಲಿ ಹಗಲು ರಾತ್ರಿ ಉಕ್ಕು ಕಾಯಿಸುವ ಜಿಲ್ಲೆಯಲ್ಲಿ ಕೂತು ಕಬ್ಬಿಣವನ್ನು ಕೊರಿಯರ್‌ನಲ್ಲಿ ಯಾಕೆ ತರಿಸಿದೆ ಅಂತ ಆಗ ಅನ್ನಿಸಿತು.

ಕೌಲ್ ಬಜಾರ್‌ನ ಈ ಅಂಗಡಿಯ ಬೋರ್ಡ್‌ನಲ್ಲಿ ಹೆಸರಿಲ್ಲ. ಗೇಟ್, ಗ್ರಿಲ್, ಶಟರ್ ಎಂದಷ್ಟೇ ಬರೆದಿದೆ. ನಡೆಸುವವರು ವಯಸ್ಸಾದವರು, ಓಣಿಯವರೆಲ್ಲ ಚಾಚಾ ಅನ್ನುತ್ತಾರೆ. ನಾನು ಫೋನ್‌ನಲ್ಲಿ ರೇಲ್ ಚಿತ್ರ ತೋರಿಸಿದೆ. ಅವರು ಚಿತ್ರ ನೋಡಿ ಫೋನ್ ವಾಪಸ್ ಕೊಟ್ಟರು.

"ಚಿತ್ರ ಬಿಡು ಬೇಟಾ. ಇದರ ಮೇಲೆ ನೀನು ನಿಲ್ತೀಯೋ, ಜಾರ್ತೀಯೋ?"

"ಜಾರ್ತೀನಿ ಚಾಚಾ. ಬೋರ್ಡ್ ಅಡ್ಡ ಆಗುತ್ತೆ, ನಡು ಭಾಗ ಪೈಪಿನ ಮೇಲೆ ಕೂರುತ್ತೆ, ಹಂಗೇ ಈ ತುದಿಯಿಂದ ಆ ತುದಿಗೆ."

"ಹಂಗಾದ್ರೆ ಮೇಲೆ ಬೆಸುಗೆ ಬರಬಾರದು. ಎಲ್ಲಾ ಕೆಳಗೇ ಹಾಕ್ತೀನಿ. ಬೋರ್ಡ್ ತಗೊಂಡು ಬಾ, ಕಣ್ಣಿಂದ ನೋಡ್ಬೇಕು."

ಮರುದಿನ ಬೋರ್ಡ್ ಒಯ್ದೆ. ಅವರು ಅದನ್ನು ಬೋರಲು ಹಾಕಿ ಎರಡು ಟ್ರಕ್‌ಗಳ ನಡುವಿನ ಜಾಗಕ್ಕೆ ಟೇಪ್ ಹಿಡಿದರು. ಟ್ರಕ್ ಅಂದರೆ ವೀಲ್‌ಗಳನ್ನು ಹಿಡಿದಿರುವ ಲೋಹದ ಭಾಗ. ಬೋರ್ಡ್‌ಸ್ಲೈಡ್‌ನಲ್ಲಿ ರೇಲ್ ಇರಬೇಕಾದದ್ದು ಇವೆರಡರ ನಡುವೆ, ಡೆಕ್‌ನ ಹೊಟ್ಟೆಯ ಕೆಳಗೆ. ಅದಾದ ಮೇಲೆ ಒಂದು ಪೈಪ್ ತುಂಡು ನೆಲಕ್ಕಿಟ್ಟು, ಅದರ ಮೇಲೆ ಬೋರ್ಡ್ ಅಡ್ಡ ಇಟ್ಟು, ಹತ್ತಿ ನಿಲ್ಲು ಅಂದರು. ನಿಂತೆ. ಕೆಳಗೆ ಬಗ್ಗಿ ನೋಡಿದರು. ಆಮೇಲೆಯೇ ಅಳತೆ ಬರೆದುಕೊಂಡದ್ದು.

3 ಎಂಎಂ ದಪ್ಪದ ಪೈಪೇ ಹಾಕೋಣ, ತೆಳುವಿನದು ಬೋರ್ಡ್ ಬಿದ್ದು ಬಿದ್ದು ನೆಗ್ಗುತ್ತದೆ ಎಂದದ್ದು ಅವರೇ. ಪೈಪಿನ ಬಾಯಿಗಳನ್ನು ತಗಡು ಕೂರಿಸಿ ಮುಚ್ಚಿದ್ದೂ ಅವರದೇ ಯೋಚನೆ. "ತೆರೆದ ಬಾಯಿ ಮೊಳಕಾಲು ಕುಯ್ಯುತ್ತೆ" ಅಂದರು. ಕಾಲಿನ ಅಡಿಗೆ ಪೈಪಿನ ಬದಲು 6 ಎಂಎಂ ಪಟ್ಟಿ ಹಾಕಿದರು. ಪಟ್ಟಿ ನೆಲಕ್ಕೆ ಅಂಟಿಕೊಂಡ ಹಾಗೆ ಕೂರುತ್ತದೆ. ಅದರ ಕೆಳಗೆ ಹಳೆ ಲಾರಿ ಟ್ಯೂಬಿನ ರಬ್ಬರ್ ಕತ್ತರಿಸಿ ಬೋಲ್ಟ್ ಮಾಡಿದ್ದಾರೆ. ಗಣಿ ಲಾರಿಗಳ ಊರು, ಟ್ಯೂಬಿಗೇನು ಬರ? ಆ ರಬ್ಬರ್‌ನಿಂದಾಗಿ 8 ತಿಂಗಳಲ್ಲಿ ರೇಲ್ ಇಟ್ಟ ಜಾಗದಿಂದ ಕದಲಿಲ್ಲ.

ಕಾಲಿನಲ್ಲಿ ಎತ್ತರ ಹೆಚ್ಚು ಕಡಿಮೆ ಮಾಡುವ ಭಾಗ ಮಾತ್ರ ಮೊದಲ ಸಲ ಸರಿ ಬರಲಿಲ್ಲ. 50 ಎಂಎಂ ಪೈಪಿನೊಳಗೆ 40 ಎಂಎಂ ಪೈಪು ಇಳಿಯುವ ಹಾಗೆ ಮಾಡಿದ್ದರು. ಹೊರಗಿನದರ ದಪ್ಪ ಎರಡೂ ಕಡೆ 3 ಎಂಎಂ ಕಳೆದರೆ ಒಳಗೆ 44 ಎಂಎಂ ಜಾಗ. 4 ಎಂಎಂ ಸಡಿಲ. ಹತ್ತಿ ನಿಂತರೆ ಕಟಕಟ ಆಡುತ್ತಿತ್ತು. ನಾನು ಬಾಯಿ ಬಿಡುವ ಮೊದಲೇ ಅವರು ತಲೆ ಅಲ್ಲಾಡಿಸಿ ವಾಪಸ್ ಎತ್ತಿಕೊಂಡರು. ಹೊರ ಪೈಪಿನ ಎರಡು ಮೈಗೆ ತೂತು ಹೊಡೆದು, ತೂತಿನ ಮೇಲೆ ನಟ್ ಬೆಸೆದು, ಬೋಲ್ಟ್ ಒಳಗೆ ಬಿಗಿಯುವ ಹಾಗೆ ಮಾಡಿದರು. ಈಗ ಬೋಲ್ಟ್ ಒಳ ಪೈಪನ್ನು ಮೂಲೆಗೆ ಒತ್ತಿ ಹಿಡಿಯುತ್ತದೆ. ಕೊನೆಗೆ ಅವರು ಮತ್ತು ಇಬ್ಬರು ಹುಡುಗರು ಒಟ್ಟಿಗೆ ರೇಲ್ ಮೇಲೆ ಹತ್ತಿ ನಿಂತು ಕುಣಿದರು. ಸದ್ದಿಲ್ಲ.

ಇನ್ನೊಂದು ಕೆಲಸ ನೋಡಿದೆ, ಅದನ್ನು ಮರೆಯಲಾರೆ. ತುದಿ ಮುಚ್ಚಿದ ಬೆಸುಗೆಯನ್ನು ಗ್ರೈಂಡರ್‌ನಲ್ಲಿ ತಿಕ್ಕಿದ ಮೇಲೆ ಚಾಚಾ ನನ್ನ ಬ್ಯಾಗಿನಿಂದ ಇಣುಕುತ್ತಿದ್ದ ಒಂದು ಜೀನ್ಸ್ ತುಂಡು ಕೇಳಿದರು. ಯೂನಿಟ್‌ನ ಕಟಿಂಗ್ ವೇಸ್ಟ್, ಬೋರ್ಡ್ ಒರೆಸಲು ಇಟ್ಟುಕೊಂಡದ್ದು. ಅದನ್ನು ರೇಲ್ ಮೇಲಿಟ್ಟು ಈ ತುದಿಯಿಂದ ಆ ತುದಿಗೆ ನಿಧಾನ ಎಳೆದರು. ಒಂದು ಕಡೆ ನೂಲು ಸಿಕ್ಕಿತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಸೀಮೆಸುಣ್ಣದಲ್ಲಿ ಗುರುತು ಹಾಕಿದರು, ಮತ್ತೆ ತಿಕ್ಕಿದರು, ಮತ್ತೆ ಬಟ್ಟೆ ಎಳೆದರು. ಮೂರನೇ ಸಲಕ್ಕೆ ಬಟ್ಟೆ ನೀರಿನ ಮೇಲೆ ಹೋದ ಹಾಗೆ ಹೋಯಿತು. ನಾನು ದಿನಾ ನೂರಾರು ಪ್ಯಾಂಟಿನ ಹೊಲಿಗೆ ಮೇಲೆ ಅಂಗೈ ಆಡಿಸುವವಳು. ಕೈಗೆ ಸಿಗುವ ತಪ್ಪು ಕಣ್ಣಿಗೆ ಸಿಗುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಅದು ಗೊತ್ತಿರುವ ಇನ್ನೊಬ್ಬರು ಸಿಕ್ಕರು ಅಂತ ತುಂಬಾ ಖುಷಿಯಾಯಿತು.

ಈಗ ಅಸಲು ಮಾತು: ಈ ರೇಲ್ ಮೇಲೆ ಕಲಿಯಲು ಆಗುತ್ತದಾ? ನಾನು ಕಲಿತೆ.

ಮೊದಲ ಎರಡು ಭಾನುವಾರ ಉರುಳಲೇ ಇಲ್ಲ. ಬೋರ್ಡನ್ನು ರೇಲ್ ಮೇಲೆ ಅಡ್ಡ ಇಟ್ಟು ಸುಮ್ನೆ ಹತ್ತಿ ನಿಂತೆ. ಎರಡು ಪಾದ ರೇಲಿನ ಆಚೆ ಈಚೆ, ಟ್ರಕ್‌ಗಳ ಬೋಲ್ಟ್ ಹತ್ತಿರ. ಒಂದು ಪಾದಕ್ಕೆ ಸ್ವಲ್ಪ ಭಾರ ಜಾಸ್ತಿಯಾದರೆ ಬೋರ್ಡ್ ಆ ಕಡೆ ತೂಗುತ್ತದೆ. ಮಾವನ ಗೋದಾಮಿನ ಹಳೆ ತಕ್ಕಡಿ ಹೇಗೋ ಹಾಗೆ. ಮುಳ್ಳು ನಡುವೆ ನಿಲ್ಲುವವರೆಗೂ ಅಭ್ಯಾಸ ಮಾಡಬೇಕು. ಅಲ್ಲಾಡುವ ರೇಲ್ ಮೇಲೆ ಇದು ಸಾಧ್ಯವೇ ಇಲ್ಲ, ಯಾಕೆಂದರೆ ತಪ್ಪು ನಿಮ್ಮದೋ ರೇಲಿನದೋ ಗೊತ್ತಾಗುವುದಿಲ್ಲ. ಗಟ್ಟಿ ರೇಲ್‌ನ ದೊಡ್ಡ ಉಪಕಾರ ಅದು. ತಪ್ಪು ಎಲ್ಲಿದೆ ಅಂತ ತೋರಿಸುತ್ತದೆ.

ಆಮೇಲೆ ನಿಧಾನ ಉರುಳಿಕೊಂಡು ಬಂದು ಆಲಿ. ನಾನು ಎಡಗಾಲು ಮುಂದಿಡುವವಳು. ರೇಲ್ ನನ್ನ ಬೆನ್ನ ಕಡೆಗೆ, ಅಂದರೆ ಎಡಕ್ಕೆ ಬರುವ ಹಾಗೆ ಹೋಗುತ್ತೇನೆ. ಎದ್ದು, ಕಾಲು ಸುತ್ತು (90 ಡಿಗ್ರಿ) ತಿರುಗಿ, ಮುಂದಿನ ಟ್ರಕ್ ರೇಲ್ ದಾಟಿಸಿ ಕೂರಿಸುತ್ತೇನೆ. ಇದಕ್ಕೆ ಬ್ಯಾಕ್‌ಸೈಡ್ ಬೋರ್ಡ್‌ಸ್ಲೈಡ್ ಅನ್ನುತ್ತಾರೆ. ಹೆಸರು ಬ್ಯಾಕ್‌ಸೈಡ್ ಆದರೂ ಜಾರುವಾಗ ಮುಖ ಹೋಗುವ ದಿಕ್ಕಿಗೇ ಇರುತ್ತದೆ. ಹಾಗಾಗಿ ಹೊಸಬರಿಗೆ ಇದೇ ಒಳ್ಳೆಯದು. ಫ್ರಂಟ್‌ಸೈಡ್‌ನಲ್ಲಿ ಬೆನ್ನು ಮುಂದಾಗಿ ಹೋಗಬೇಕು, ನಾನಿನ್ನೂ ಅದಕ್ಕೆ ಕೈ ಹಾಕಿಲ್ಲ.

ಎಲ್ಲರೂ ಮಾಡುವ ತಪ್ಪು ನಾನೂ ಮಾಡಿದೆ. ಹೆದರಿ ಹಿಂದಕ್ಕೆ ವಾಲುವುದು. ಭಾರ ಹಿಮ್ಮಡಿಗೆ ಹೋದರೆ ಬೋರ್ಡ್ ಮುಂದಕ್ಕೆ ಚಿಮ್ಮುತ್ತದೆ, ನಾವು ಕುಂಡಿ ಮೇಲೆ ಬೀಳುತ್ತೇವೆ. ಮಂಡಿ ಬಗ್ಗಿಸಿ, ಎದೆಯನ್ನು ಚೂರು ಮುಂದಿಟ್ಟು, ಕಣ್ಣು ರೇಲಿನ ಕೊನೆಗೆ ನೆಡಬೇಕು. ಪಾದ ನೋಡಿದರೆ ಮುಗಿಯಿತು. ನಾನು ರೇಲಿನ ಕೊನೆಯ ಆಚೆ, ಗೋದಾಮಿನ ಗೋಡೆ ಮೇಲೆ ಒಂದು ಕೆಂಪು ಬೊಟ್ಟು ಇಟ್ಟುಕೊಂಡು ಅದನ್ನೇ ನೋಡುತ್ತಿದ್ದೆ. ಕೊನೆ ಬಂದಾಗ ಹೆಗಲು ತಿರುಗಿಸಿದರೆ ಸೊಂಟ ತಿರುಗುತ್ತದೆ, ಸೊಂಟ ತಿರುಗಿದರೆ ಬೋರ್ಡ್ ನೇರವಾಗಿ ನೆಲಕ್ಕೆ ಇಳಿಯುತ್ತದೆ.

ನವೆಂಬರ್ ಕೊನೆಯ ಭಾನುವಾರ ಮೊದಲ ಸಲ ಪೂರ್ತಿ ಜಾರಿದೆ. ಸರ್‍ರ್ ಅಂತ ಒಂದೇ ಸದ್ದು, ನಡುವೆ ಎಲ್ಲೂ ತುಂಡಾಗದ ಸದ್ದು. ನಾಲ್ಕು ವೀಲ್ ನೆಲಕ್ಕೆ ಬಿದ್ದವು, ನಾನು ಇನ್ನೂ ಮೇಲೇ ನಿಂತಿದ್ದೆ. ಮಾವನ ಹಮಾಲಿಯೊಬ್ಬರು ಚೀಲ ಇಳಿಸುವುದನ್ನು ಬಿಟ್ಟು ಚಪ್ಪಾಳೆ ತಟ್ಟಿದರು. ಮನೆಗೆ ಹೋಗಿ ಅಮ್ಮನಿಗೆ ಡೆಕ್ ತಿರುಗಿಸಿ ತೋರಿಸಿದೆ. ಹೊಟ್ಟೆಯ ನಡುವೆ ಅಡ್ಡಕ್ಕೆ ಬಣ್ಣ ಹೋಗಿ ಮರ ಕಾಣುತ್ತಿತ್ತು. ಅಮ್ಮ ಆ ಗೆರೆ ಮೇಲೆ ಬೆರಳು ಇಟ್ಟು "ಇಷ್ಟೂ ನೀನೇ ಸವೆಸಿದ್ದಾ?" ಅಂದಳು.

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಕೇಟ್‌ಬೋರ್ಡಿಂಗ್ ಮೊದಲ ಸಲ ಬಂದಾಗ, 2021ರಲ್ಲಿ, ಹೆಣ್ಣುಮಕ್ಕಳ ಸ್ಟ್ರೀಟ್ ವಿಭಾಗದಲ್ಲಿ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ 13 ವರ್ಷ. ನಾನು 29ಕ್ಕೆ ಒಂದು ಬೋರ್ಡ್‌ಸ್ಲೈಡ್ ಕಲಿತೆ. ನನಗೆ ಆ ದಿನದ ಸಂತೋಷ ಚಿಕ್ಕದಲ್ಲ.

ಈಗ ಕೊರತೆಗಳು. ಗುರುವಾರ ಕೊಡುತ್ತೇನೆ ಅಂದವರು ಮುಂದಿನ ಬುಧವಾರ ಕೊಟ್ಟರು. ಯಾರದೋ ಗೃಹಪ್ರವೇಶದ ಗೇಟು ನಡುವೆ ಬಂತು. ಎರಡು ಸಲ ಸುಮ್ನೆ ಹೋಗಿ ಬಂದೆ, ಬೇಜಾರಾಯಿತು. ಫೋನ್ ಮಾಡಿ ಹೇಳಬಹುದಿತ್ತು. ಇನ್ನೊಂದು, 13 ಕೆಜಿಯ 6 ಅಡಿ ಕಬ್ಬಿಣವನ್ನು ಒಬ್ಬಳೇ ಹೊತ್ತು ತಿರುಗುವುದು ಕಷ್ಟ. ಆಟೋದಲ್ಲಿ ಅಡ್ಡ ಹಿಡಿಯುವುದಿಲ್ಲ, ಓರೆ ಹಾಕಿ ಒಂದು ತುದಿ ಹೊರಗೆ ಬಿಟ್ಟು ತಂದೆವು. ಇಟ್ಟ ಕಡೆ ಇರಲಿ ಅನ್ನುವವರಿಗೆ ಇದು ಸರಿ, ಜಾಗ ಬದಲಿಸುತ್ತಾ ಆಡುವವರಿಗೆ 4 ಅಡಿಯದೇ ಸಾಕು.

ತುಕ್ಕು ಹಿಡಿಯುತ್ತದೆ. ಕಾಲಿಗೆಲ್ಲ ರೆಡ್ ಆಕ್ಸೈಡ್ ಹೊಡೆಸಿದೆ, ಆದರೆ ಜಾರುವ ಮೇಲ್ಮೈಗೆ ಬಣ್ಣ ಬೇಡ ಅಂದೆ. ಬಣ್ಣ ಹಚ್ಚಿದರೆ ಮೊದಲು ಬೋರ್ಡ್‌ಗೆ ಅಂಟಿಕೊಳ್ಳುತ್ತದೆ, ಆಮೇಲೆ ಹೇಗಿದ್ದರೂ ಸವೆಯುತ್ತದೆ. ಅಕ್ಟೋಬರ್ ಮಳೆಗೆ ಒಂದೇ ರಾತ್ರಿ ಹೊರಗೆ ಬಿಟ್ಟಿದ್ದಕ್ಕೆ ಬೆಳಿಗ್ಗೆ ಕೆಂಪಗಾಗಿತ್ತು. ಉಪ್ಪುಕಾಗದದಲ್ಲಿ ತಿಕ್ಕಿ, ಹೊಲಿಗೆ ಮಷೀನ್ ಎಣ್ಣೆ ಒರೆಸಿ ಒಳಗಿಟ್ಟೆ. ಆಡುವ ಮೊದಲು ಆ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಿರಿ.

ಮೇಣದ ವಿಷಯ. ಜಾರುವುದಕ್ಕೆ ಮಾಮೂಲಿ ಮೇಣದಬತ್ತಿ ಉಜ್ಜಿದರೆ ಸಾಕು. ಆದರೆ ನಮ್ಮ ಊರಿನ ಬಿಸಿಲಲ್ಲಿ ಸ್ವಲ್ಪವೇ ಉಜ್ಜಿ. ಏಪ್ರಿಲ್‌ನಲ್ಲಿ 9 ಗಂಟೆ ದಾಟಿದರೆ ರೇಲ್ ಮುಟ್ಟಲು ಆಗುವುದಿಲ್ಲ, ಮೇಣ ಮೆತ್ತಗಾಗುತ್ತದೆ, ಕೆಂಪು ಧೂಳು ಬಂದು ಅದಕ್ಕೆ ಅಂಟುತ್ತದೆ. ಜಾರಬೇಕಾದದ್ದೇ ಹಿಡಿಯಲು ಶುರುವಾಗುತ್ತದೆ. ನಾನು ಬೆಳಿಗ್ಗೆ 6ಕ್ಕೆ ಹೋಗಿ 8ಕ್ಕೆ ಮುಗಿಸಿ, ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಮನೆಗೆ ಬರುತ್ತೇನೆ. ಕಣದಲ್ಲಿ ಮೆಣಸಿನಕಾಯಿ ಹರವಿದ ವಾರಗಳಲ್ಲಿ ರೇಲ್‌ಗೆ ರಜೆ.

5ಕ್ಕೆ ನಾಲ್ಕೂವರೆ ಕೊಡುತ್ತೇನೆ. ಕಡಿತ ಆ ತಡಕ್ಕೆ ಮಾತ್ರ. ಮಾಲಿನಲ್ಲಿ ಕಳೆಯುವಂಥದ್ದು ಏನೂ ಇಲ್ಲ.

ಮಾಡಿಸುವವರು ಹೀಗೆ ಕೇಳಿ: ಮೇಲಿನ ಪೈಪು ಒಂದೇ ತುಂಡು ಇರಲಿ, ನಡುವೆ ಜೋಡಣೆ ಬೇಡ. 3 ಎಂಎಂಗಿಂತ ತೆಳು ಬೇಡ. ಬೆಸುಗೆ ಕೆಳಗೆ. ಮೊದಲ ಸಲಕ್ಕೆ 7 ಇಂಚಿಗಿಂತ ಎತ್ತರಕ್ಕೆ ಆಸೆಪಡಬೇಡಿ. ಕೌಲ್ ಬಜಾರ್‌ಗೇ ಬರಬೇಕೆಂದಿಲ್ಲ, ಗೇಟು ಮಾಡುವ ಅಂಗಡಿ ಕೊಪ್ಪಳದಲ್ಲೂ ಇದೆ, ಸಿಂಧನೂರಿನಲ್ಲೂ ಇದೆ. ಹೋಗುವಾಗ ಫೋನ್‌ನಲ್ಲಿ ಚಿತ್ರ ಮಾತ್ರ ಒಯ್ಯಬೇಡಿ, ಬೋರ್ಡ್ ಒಯ್ಯಿರಿ. ಜೊತೆಗೆ ಒಂದು ಜೀನ್ಸ್ ತುಂಡು. ಚಾಚಾ ಅಂಗಡಿಗೇ ಹೋಗುವುದಾದರೆ ಶುಕ್ರವಾರ ಮಧ್ಯಾಹ್ನ ಬಿಟ್ಟು ಹೋಗಿ, ಆಗ ಬಾಗಿಲು ಹಾಕಿರುತ್ತದೆ.